ಕೈಗೆತ್ತಿಕೊಂಡ ಕಲ್ಲಿಗೊಂದು ಚರಿತ್ರೆಯಿದೆ



ನನ್ನ ಹಳೆಯ ವಿದ್ಯಾರ್ಥಿಗಳು ಆಗಾಗ ಕೇಳುವ ಪ್ರಶ್ನೆಯೊಂದಿದೆ. "ಸಾರ್, ಮಕ್ಕಳಿಗೆ ಕಲ್ಲು ಕೂಡಿಡುವ ಹುಚ್ಚು ಹಿಡಿದಿದೆ. ಕೆ.ಜಿ.ಎಫ್. ಕಡೆ ಹೋದರೆ ಚಿನ್ನ ಇರುವ ಕಲ್ಲು ಸಿಗುತ್ತದೆಯೆ? ಸಿಕ್ಕಿದ್ದನ್ನು ತರಬಹುದೆ?" ಹೌದು ಅಥವಾ ಇಲ್ಲ ಎಂದು ಒಂದು ಮಾತಿನಲ್ಲಿ ಉತ್ತರಿಸಿ ಮುಗಿಸಲು ನನಗೆ ಮನಸ್ಸು ಬರುವುದಿಲ್ಲ. ಹಳೆಯ ಗಣಿಯ ನೆಲದಲ್ಲಿ ಬಿದ್ದಿರುವ ಕಲ್ಲನ್ನು ಯಾರು ಎತ್ತಿಕೊಳ್ಳಬಹುದು ಎಂಬ ಪ್ರಶ್ನೆಗೆ ನಮ್ಮ ನಾಡಿನಲ್ಲಿ ಬಹಳ ದೀರ್ಘವಾದ ಮತ್ತು ಕೆಲವೆಡೆ ಕಹಿಯಾದ ಇತಿಹಾಸವಿದೆ. ಅದನ್ನು ತಿಳಿದವರಿಗೆ ಏನನ್ನು ತರಬೇಕು, ಏನನ್ನು ಬಿಟ್ಟು ಬರಬೇಕು ಎಂಬುದು ತಾನಾಗಿಯೇ ಹೊಳೆಯುತ್ತದೆ. ಆದ್ದರಿಂದ ಮೊದಲು ಇತಿಹಾಸ, ಅನಂತರ ಉಪದೇಶ. ಮೇಷ್ಟರ ಹಳೆಯ ಚಾಳಿ ಎಂದು ಸಹಿಸಿಕೊಳ್ಳಬೇಕು.

1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಮೈಸೂರು ರಾಜ್ಯದ ಗಡಿಗಳನ್ನು ಅಳೆಯುವ ಕೆಲಸ ನಡೆಯಿತು. 33ನೆಯ ರೆಜಿಮೆಂಟಿನ ಲೆಫ್ಟಿನೆಂಟ್ ಜಾನ್ ವಾರನ್ ಎಂಬ ಅಧಿಕಾರಿ 1802ರಲ್ಲಿ ಪೂರ್ವದ ಗಡಿಯಲ್ಲಿ ಸರ್ವೆ ಮಾಡುತ್ತಿದ್ದಾಗ, ಆ ಸೀಮೆಯ ಮಣ್ಣಿನಲ್ಲಿ ಚಿನ್ನವಿದೆ ಎಂಬ ಮಾತು ಅವನ ಕಿವಿಗೆ ಬಿತ್ತು. ತೋರಿಸಿದವರಿಗೆ ಬಹುಮಾನ ಕೊಡುವುದಾಗಿ ಅವನು ಸಾರಿದಾಗ, ಉರಿಗಾಂ ಕಡೆಯ ಹಳ್ಳಿಗರು ಗಾಡಿಗಳಲ್ಲಿ ಮಣ್ಣು ತುಂಬಿಕೊಂಡು ಬಂದು, ಅವನ ಕಣ್ಣೆದುರಿನಲ್ಲೇ ತೊಳೆದು ಚಿನ್ನದ ಕಣಗಳನ್ನು ತೋರಿಸಿದರು. ಮಾರಿಕುಪ್ಪಂನಲ್ಲಿ ಬಡ ಕೆಲಸಗಾರರು ಕಿರಿದಾದ ಗುಂಡಿಗಳಿಗೆ ಇಳಿದು ಕಲ್ಲು ಒಡೆದು, ಬುಟ್ಟಿಯಲ್ಲಿ ಕೈಯಿಂದ ಕೈಗೆ ದಾಟಿಸಿ ಮೇಲಕ್ಕೆ ತರುತ್ತಿದ್ದುದನ್ನೂ, ಹೆಂಗಸರು ಅದನ್ನು ಬಂಡೆಯ ಮೇಲೆ ಕುಟ್ಟಿ ಪುಡಿಮಾಡಿ ತೊಳೆಯುತ್ತಿದ್ದುದನ್ನೂ ಅವನು ಬರೆದಿಟ್ಟಿದ್ದಾನೆ. ವಾರನ್ ಚಿನ್ನವನ್ನು 'ಕಂಡುಹಿಡಿದ' ಎಂದು ಕೆಲವು ಪುಸ್ತಕಗಳು ಹೇಳುತ್ತವೆ. ಅವನ ಬರಹವನ್ನು ನೋಡಿದರೆ, ಆ ಹಳ್ಳಿಯ ಹೆಂಗಸರು ಗಂಡಸರು ಬಲ್ಲ ವಿದ್ಯೆಯನ್ನು ಅವನು ಕಾಗದಕ್ಕೆ ಇಳಿಸಿದ ಎನ್ನುವುದೇ ಸರಿ.

ಆ ಕಾಗದವೇ ಮುಂದಿನದಕ್ಕೆಲ್ಲ ದಾರಿಯಾಯಿತು. ನ್ಯೂಜಿಲೆಂಡಿನ ಯುದ್ಧದಲ್ಲಿ ಕೆಲಸ ಮಾಡಿ ಬೆಂಗಳೂರಿನಲ್ಲಿ ನೆಲೆಸಿದ್ದ ಮೈಕೇಲ್ ಲವೆಲ್ ಎಂಬ ಐರಿಷ್ ಸೈನಿಕ ವಾರನ್ನನ ಹಳೆಯ ವರದಿಯನ್ನು ಓದಿ, ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿ, 1875ರಲ್ಲಿ ಗಣಿಗಾರಿಕೆಯ ಹಕ್ಕನ್ನು ಪಡೆದ. ಅವನಲ್ಲಿ ಬಂಡವಾಳವಿರಲಿಲ್ಲ; ಹಕ್ಕು ಕೈಯಿಂದ ಕೈಗೆ ಹೋಗಿ, 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ರಂಗಕ್ಕೆ ಬಂದಿತು. ಮೊದಮೊದಲು ಅವರಿಗೂ ನಷ್ಟವೇ. ಕೊನೆಗೆ ಕೈಹಿಡಿದ ಚಾಂಪಿಯನ್ ರೀಫ್ ಎಂಬ ಬೆಣಚುಕಲ್ಲಿನ ಪಟ್ಟೆ ಸಿಕ್ಕಿದ್ದು ಎಲ್ಲಿ ಗೊತ್ತೆ? ನಮ್ಮವರೇ ಹಿಂದೆಂದೋ ತೋಡಿ ಬಿಟ್ಟಿದ್ದ ಹಳೆಯ ಗುಂಡಿಗಳ ಜಾಡು ಹಿಡಿದು ಕೆಳಗಿಳಿದಾಗ. ಹಳೆಯ ಗುಂಡಿಯೆಂದರೆ ಹಾಳುಗುಂಡಿಯೆಂದು ತಿಳಿಯುವವರು ಈ ಸಂಗತಿಯನ್ನು ನೆನಪಿನಲ್ಲಿಡಬೇಕು.

ಇಂಥ ಹಳೆಯ ತೋಡುಗಳು ಕೋಲಾರದಲ್ಲಿ ಮಾತ್ರವಲ್ಲ, ರಾಯಚೂರು ಜಿಲ್ಲೆಯ ಲಿಂಗಸೂಗೂರು ತಾಲ್ಲೂಕಿನ ಹಟ್ಟಿಯಲ್ಲಿಯೂ ಇವೆ. ಆಧುನಿಕ ಗಣಿಗಾರರು ಅಲ್ಲಿ ಕೆಳಗಿಳಿದಾಗ, 600 ಅಡಿಗೂ ಹೆಚ್ಚಿನ ಆಳದಲ್ಲಿ ಪ್ರಾಚೀನರ ಕೆಲಸದ ಗುರುತುಗಳನ್ನು ಕಂಡರು. ಅಲ್ಲಿ ದೊರೆತ ಮರದ ತುಂಡಿನ ಇಂಗಾಲ ಪರೀಕ್ಷೆ ನಡೆಸಿದಾಗ ಅದರ ವಯಸ್ಸು ಸುಮಾರು ಎರಡು ಸಾವಿರ ವರ್ಷ ಎಂದು ತಿಳಿಯಿತು. ಸಿಡಿಮದ್ದಿಲ್ಲದ ಕಾಲದಲ್ಲಿ ಅಷ್ಟು ಗಟ್ಟಿ ಬಂಡೆಯನ್ನು ಒಡೆದದ್ದು ಬೆಂಕಿಯಿಂದ. ಬಂಡೆಗೆ ಒತ್ತಿ ಸೌದೆ ಉರಿಸಿದರೆ ಹಿಗ್ಗಿ ಬಿರಿಯುತ್ತದೆ. ಬಿರಿದದ್ದನ್ನು ಉಳಿಯಿಂದ ಎಬ್ಬಿಸಿ ತೆಗೆಯಬೇಕು. ಹೊಗೆ ತುಂಬಿದ ಇಕ್ಕಟ್ಟಾದ ಸುರಂಗದಲ್ಲಿ, ದೀಪದ ಬೆಳಕಿನಲ್ಲಿ, ಈ ಕೆಲಸ ಮಾಡಿದವರ ಹೆಸರು ಒಂದು ಶಾಸನದಲ್ಲಿಯೂ ಇಲ್ಲ. ಮಸಿ ಹಿಡಿದ ಗೋಡೆ, ಇದ್ದಿಲ ಚೂರು, ಅದಿರನ್ನು ಕುಟ್ಟಿ ಅರೆದ ಬಂಡೆಯ ಗುಳಿಗಳು, ಇವಷ್ಟೇ ಅವರ ದಾಖಲೆ. ಆ ಗುಳಿಯಿರುವ ಬಂಡೆಯ ಚೂರನ್ನು ಚೆಂದವಾಗಿದೆಯೆಂದು ಒಬ್ಬ ಸಂಗ್ರಾಹಕ ಎಬ್ಬಿಸಿಕೊಂಡು ಬಂದರೆ ಏನಾಗುತ್ತದೆ ಎಂದು ಯೋಚಿಸಿರಿ. ಅವನ ಕಪಾಟಿಗೆ ಒಂದು ಕಲ್ಲು ಬಂದಿತು. ಒಂದು ಜನಸಮುದಾಯದ ಚರಿತ್ರೆಯಿಂದ ಒಂದು ಪುಟ ಹೋಯಿತು.

ಹಟ್ಟಿಗೆ ಹತ್ತಿರದ ಮಸ್ಕಿಯ ಉದಾಹರಣೆ ಇನ್ನೂ ಸ್ಪಷ್ಟವಾದುದು. ದೇವಾನಾಂಪ್ರಿಯ ಎಂದು ತನ್ನನ್ನು ಕರೆದುಕೊಂಡ ರಾಜನ ಶಾಸನಗಳನ್ನು 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಓದಿದ್ದರೂ ಅವುಗಳಲ್ಲಿ ಅಶೋಕ ಎಂಬ ಹೆಸರು ಇರಲಿಲ್ಲ. ಆ ಹೆಸರನ್ನು ಸ್ಪಷ್ಟವಾಗಿ ಹೇಳುವ ಶಾಸನ ದೊರೆತದ್ದು 1915ರಲ್ಲಿ, ಮಸ್ಕಿಯ ಬಂಡೆಯ ಮೇಲೆ. ಅದನ್ನು ಗುರುತಿಸಿದವನು ಪುರಾತತ್ವಜ್ಞನಲ್ಲ, ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್. ಚಿನ್ನಕ್ಕಾಗಿ ಬಂಡೆಗಳನ್ನು ನೋಡುತ್ತ ತಿರುಗುವ ಮನುಷ್ಯ, ಒಂದು ಬಂಡೆಯ ಮೇಲೆ ಗೀಚುಗಳನ್ನು ಕಂಡು ನಿಂತು ನೋಡಿದ, ತಿಳಿದವರಿಗೆ ತಿಳಿಸಿದ. ಸುತ್ತಿಗೆ ಎತ್ತುವ ಮೊದಲು ಕಣ್ಣು ತೆರೆದು ನೋಡಬೇಕೆಂಬ ಪಾಠಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ನನಗೆ ತಿಳಿಯದು.

ಮತ್ತೆ ಕೋಲಾರಕ್ಕೆ ಬರೋಣ. ಕಂಪನಿಗಳ ಕಾಲದಲ್ಲಿ ಅಲ್ಲಿನ ವೈಭವ ನಿಮಗೆಲ್ಲ ತಿಳಿದದ್ದೇ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದು ವಿದ್ಯುತ್ ತಂದದ್ದು, ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದದ್ದು, 1965ರಲ್ಲಿ ಚಾಂಪಿಯನ್ ರೀಫ್ ಗಣಿಯ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರಂ ವಿಶ್ವವಿದ್ಯಾಲಯಗಳ ವಿಜ್ಞಾನಿಗಳೊಡನೆ ವಾತಾವರಣದ ನ್ಯೂಟ್ರಿನೋಗಳನ್ನು ಗುರುತಿಸಿದ್ದು, ಇವೆಲ್ಲ ತರಗತಿಯಲ್ಲಿ ಹೇಳಿದ್ದೇನೆ. ತರಗತಿಯಲ್ಲಿ ಹೇಳಲು ಸಮಯ ಸಾಲದ ಸಂಗತಿಯೊಂದಿದೆ. ಆ ಕಾಲದಲ್ಲಿ ಗಣಿಯ ಕೆಲಸಗಾರನ ಬಳಿ ಚಿನ್ನ ಬೆರೆತ ಒಂದು ಕಲ್ಲಿನ ಚೂರು ಸಿಕ್ಕಿ, ಅದು ಎಲ್ಲಿಂದ ಬಂತೆಂದು ಅವನು ಸಮಾಧಾನಕರವಾಗಿ ಹೇಳಲಾರದೆ ಹೋದರೆ, ಅದನ್ನು ಇಟ್ಟುಕೊಂಡಿದ್ದುದೇ ಶಿಕ್ಷಾರ್ಹ ಅಪರಾಧವಾಗುತ್ತಿತ್ತು. ಪಾಳಿ ಮುಗಿಸಿ ಮೇಲೆ ಬಂದವರನ್ನು ಶೋಧಿಸುತ್ತಿದ್ದರು. ಕೆಲಸಗಾರರೆಲ್ಲರ ಬೆರಳಚ್ಚು ತೆಗೆದುಕೊಳ್ಳುವ ಕ್ರಮ ಜಾರಿಗೆ ಬಂದಾಗ, 1930ರಲ್ಲಿ ಇಡೀ ಗಣಿ ಪ್ರದೇಶ ಮುಷ್ಕರ ಹೂಡಿತು. ಅದೇ ಕಲ್ಲು ದೊರೆಗಳ ಮೇಜಿನ ಮೇಲೆ ಕಾಗದದ ಒತ್ತುಗಲ್ಲಾಗಿ ಕುಳಿತರೆ ಅದಕ್ಕೆ 'ಮಾದರಿ' ಎಂಬ ಗೌರವದ ಹೆಸರು.

ಈ ಮಾತನ್ನು ಕೆದಕುವುದಕ್ಕೆ ಕಾರಣವಿದೆ. ನಮ್ಮಂಥವರು ಭಾನುವಾರ ಕಾರಿನಲ್ಲಿ ಹೋಗಿ, ಆ ನೆಲದಿಂದ ಕಲ್ಲು ಆರಿಸಿಕೊಂಡು, ಹವ್ಯಾಸವೆಂದು ಹೇಳಿಕೊಳ್ಳುತ್ತೇವೆ. ಅಲ್ಲಿಯೇ ಹುಟ್ಟಿ ಬೆಳೆದ, ಅಜ್ಜನ ಕಾಲದಿಂದ ಆ ಕಲ್ಲನ್ನು ಒಡೆದ ಮನೆತನದ ಹುಡುಗ ಅದೇ ಕಲ್ಲನ್ನು ಎತ್ತಿದರೆ ಕಳ್ಳನೆನ್ನುತ್ತೇವೆ. 2001ರ ಫೆಬ್ರವರಿ ಕೊನೆಯಲ್ಲಿ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಮೇಲೆ ಆ ಊರಿನ ಸಹಸ್ರಾರು ಜನ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗತೊಡಗಿದರು. ಪಂಪುಗಳು ನಿಂತು ಗಣಿಗಳಲ್ಲಿ ನೀರು ತುಂಬಿತು. 2020ರ ಮೇ ತಿಂಗಳಿನಲ್ಲಿ, ಮಾರಿಕುಪ್ಪಂ ಬಳಿ ಮುಚ್ಚಿದ ಗಣಿಯೊಳಗೆ ಕಳ್ಳತನಕ್ಕೆಂದು ಇಳಿದವರಲ್ಲಿ ಮೂವರು ಪ್ರಾಣ ಕಳೆದುಕೊಂಡರು. ಆ ಸುದ್ದಿಯನ್ನು ಓದಿದ ದಿನ ನನಗೆ ಅವರ ಮೇಲೆ ಕೋಪ ಬರಲಿಲ್ಲ. ಆ ನೆಲದಲ್ಲಿ ಹವ್ಯಾಸಕ್ಕೆಂದು ಓಡಾಡುವವರು ಈ ಮೂವರನ್ನು ನೆನೆದು, ಹಾಳು ಶಾಫ್ಟುಗಳಿಂದ ದೂರವಿರಬೇಕು. ಅಲ್ಲಿನ ಜನರೊಡನೆ ವಿನಯದಿಂದ ವರ್ತಿಸಬೇಕು.

ಈಗ ಉಪದೇಶದ ಭಾಗ. ಮೊದಲನೆಯದು ನೆಲದ ಒಡೆತನ. ಹಾಳುಬಿದ್ದ ಗಣಿಗೆ ಯಜಮಾನರಿಲ್ಲ ಎಂಬುದು ತಪ್ಪು ಕಲ್ಪನೆ. ಸೈನೈಡ್ ಗುಡ್ಡಗಳೆಂದು ಎಲ್ಲರೂ ಕರೆಯುವ, ಅದಿರನ್ನು ಅರೆದು ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಆ ದಿಬ್ಬಗಳು ಕೂಡ ಯಾರೂ ಬೇಡವೆಂದು ಬಿಸುಟ ಕಸವಲ್ಲ. ಅವುಗಳಲ್ಲಿ 3 ಕೋಟಿ ಟನ್ನಿಗೂ ಹೆಚ್ಚು ಪುಡಿಯಿದೆ. ಅದರಲ್ಲಿ ಉಳಿದಿರುವ ಚಿನ್ನವನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು. 1957ರ ಗಣಿ ಮತ್ತು ಖನಿಜಗಳ ಕಾಯ್ದೆ ಪರವಾನಗಿಯಿಲ್ಲದೆ ಅಗೆಯುವುದನ್ನೂ ಖನಿಜ ಸಾಗಿಸುವುದನ್ನೂ ನಿಷೇಧಿಸುತ್ತದೆ. ಆದಕಾರಣ ನೆಲ ಸರ್ಕಾರದ್ದಾಗಲಿ, ಕಂಪನಿಯದಾಗಲಿ, ರೈತನದಾಗಲಿ, ಕೇಳಿ ಒಪ್ಪಿಗೆ ಪಡೆಯದೆ ಕಾಲಿಡಬಾರದು. ಬೇಲಿಯಿದ್ದರೆ ಬೇಲಿಯ ಆಚೆಯೇ ನಿಲ್ಲಬೇಕು. ಗಣಿ ರಕ್ಷಿತಾರಣ್ಯದ ನಡುವೆ ಇದ್ದರಂತೂ ಒಂದು ಹರಳನ್ನೂ ಎತ್ತುವಂತಿಲ್ಲ. 2005ರ ಕೊನೆಯಲ್ಲಿ ಕಬ್ಬಿಣದ ಅದಿರು ತೆಗೆಯುವುದು ನಿಂತ ಕುದುರೆಮುಖ ಇಂಥದೊಂದು ಸ್ಥಳ.

ಎರಡನೆಯದು, ಮುಟ್ಟಲೇಬಾರದ ಕಲ್ಲುಗಳು. ಭಾರತೀಯ ಭೂವಿಜ್ಞಾನ ಸರ್ವೇಕ್ಷಣೆ ಕೆಲವು ಶಿಲಾತಾಣಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂದು ಘೋಷಿಸಿದೆ. ನಮ್ಮ ರಾಜ್ಯದಲ್ಲಿ ಲಾಲ್‌ಬಾಗಿನ ಬಂಡೆ, ಉಡುಪಿಯ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು, ಚಿತ್ರದುರ್ಗದ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ, ಕೆ.ಜಿ.ಎಫ್. ಬಳಿಯ ಪೆದ್ದಪಲ್ಲಿಯ ಜ್ವಾಲಾಮುಖಿ ಶಿಲೆಗಳು ಆ ಪಟ್ಟಿಯಲ್ಲಿವೆ. ಕೋಲಾರದ ಶಿಲಾಪಟ್ಟಿಯ ವಯಸ್ಸು ಸುಮಾರು 270 ಕೋಟಿ ವರ್ಷ. ಸಮುದ್ರದ ತಳದಲ್ಲಿ ಉಕ್ಕಿದ ಲಾವಾ ನೀರು ತಗುಲಿ ದಿಂಬುಗಳಂತೆ ಗಟ್ಟಿಯಾದ ಗುರುತು ಈಗಲೂ ಅಳಿದಿಲ್ಲ. ಇವು ನೋಡಲು, ಚಿತ್ರ ತೆಗೆಯಲು, ಮಕ್ಕಳಿಂದ ಬರೆಯಿಸಲು. ಹಾಗೆಯೇ ಪ್ರಾಚೀನರ ತೋಡುಗುಂಡಿ, ಕುಟ್ಟುವ ಗುಳಿ, ಅರೆಯುವ ಕಲ್ಲು, ಮಡಕೆ ಚೂರು, ಕಬ್ಬಿಣದ ಕಿಟ್ಟ ಕಂಡರೆ ಇದ್ದಲ್ಲಿಯೇ ಬಿಟ್ಟು, ಹತ್ತಿರದ ಪುರಾತತ್ವ ಇಲಾಖೆಗೆ ಪತ್ರ ಬರೆಯಿರಿ. ಪುರಾತನ ವಸ್ತು ಯಾವ ಮಣ್ಣಿನ ಪದರದಲ್ಲಿ, ಯಾವುದರ ಪಕ್ಕದಲ್ಲಿ ಇತ್ತು ಎಂಬುದರಲ್ಲಿಯೇ ಅದರ ಅರ್ಧ ಅರ್ಥ ಅಡಗಿರುತ್ತದೆ.

ಮೂರನೆಯದು, ಜೀವದ ಎಚ್ಚರ. ಹಳೆಯ ಶಾಫ್ಟಿನ ಬಾಯಿಯನ್ನು ಪೊದೆ ಮುಚ್ಚಿರುತ್ತದೆ, ಅಂಚು ಶಿಥಿಲವಾಗಿರುತ್ತದೆ. ಸುರಂಗದ ಒಳಗೆ ಆಮ್ಲಜನಕ ಕಡಿಮೆಯಿದ್ದರೆ ವಾಸನೆಯಿಂದಾಗಲಿ ಬಣ್ಣದಿಂದಾಗಲಿ ತಿಳಿಯುವುದಿಲ್ಲ, ಮನುಷ್ಯ ನಿಂತಲ್ಲೇ ಕುಸಿಯುತ್ತಾನೆ. ಮಕ್ಕಳಿಗೆ ಸುರಂಗ ಎಂಬ ಮಾತೇ ಆಕರ್ಷಣೆ, ಆದ್ದರಿಂದ ದೊಡ್ಡವರು ಮೊದಲೇ ಖಂಡಿತವಾಗಿ ಹೇಳಿ ಕರೆದೊಯ್ಯಬೇಕು. ಸೈನೈಡ್ ಗುಡ್ಡದ ಪುಡಿ ಬೇಸಿಗೆಯ ಗಾಳಿಗೆ ಹಾರಿ ಊರಿನವರ ಮನೆಗಳಿಗೇ ನುಗ್ಗುತ್ತದೆ. ಅದರ ಮೇಲೆ ಮಕ್ಕಳು ಜಾರುಗುಪ್ಪೆ ಆಡುವಂತಿಲ್ಲ. ಕೋಲಾರದ ಅದಿರಿನಲ್ಲಿ ಆರ್ಸೆನೋಪೈರೈಟ್ ಎಂಬ ಖನಿಜವೂ ಇದೆ. ಬೆಳ್ಳಿಯಂತೆ ಹೊಳೆಯುವ ಈ ಕಲ್ಲನ್ನು ಸುತ್ತಿಗೆಯಿಂದ ಹೊಡೆದರೆ ಬೆಳ್ಳುಳ್ಳಿಯ ವಾಸನೆ ಬರುತ್ತದೆ. ಅದು ಆರ್ಸೆನಿಕ್ಕಿನ ಗುರುತು. ಇಂಥ ಕಲ್ಲನ್ನು ಮುಟ್ಟಿದ ಕೈಯನ್ನು ಸೋಪು ಹಚ್ಚಿ ತೊಳೆಯದೆ ಬುತ್ತಿ ಬಿಚ್ಚಬಾರದು. ನಾರುನಾರಾಗಿ ಬಿಡಿಸಿಕೊಳ್ಳುವ ಕಲ್ಲು ಕಂಡರೆ ಅದು ಕಲ್ನಾರು ಇರಬಹುದು; ಒಡೆಯಲೂಬೇಡಿ, ಮನೆಗೆ ತರಲೂಬೇಡಿ, ಅದರ ದೂಳು ಪುಪ್ಪುಸಕ್ಕೆ ಹೊಕ್ಕರೆ ಹೊರಬರುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಸಂಗ್ರಹವೇ ಬೇಡವೆ ಎಂದು ಕೇಳುವಿರಿ. ಖಂಡಿತ ಬೇಕು. ಕಲ್ಲನ್ನು ಕೈಯಲ್ಲಿ ಹಿಡಿದು ಅದರ ತೂಕ ತಿಳಿಯದ ಮಗುವಿಗೆ ಭೂವಿಜ್ಞಾನ ಬರೀ ಬಾಯಿಪಾಠವಾಗುತ್ತದೆ. ಆದರೆ ಅದಕ್ಕೆ ಗಣಿಯೇ ಬೇಕೆಂದೇನೂ ಇಲ್ಲ. ನಮ್ಮ ಹೊಲದ ಬಾವಿ ತೋಡಿದ ಮಣ್ಣಿನಲ್ಲಿ, ಮನೆ ಕಟ್ಟಲು ತರಿಸಿದ ಜಲ್ಲಿಯ ರಾಶಿಯಲ್ಲಿ ಬೆಣಚು, ಕಾಗೆಬಂಗಾರ, ಫೆಲ್ಸ್‌ಪಾರ್ ಎಲ್ಲವೂ ಸಿಗುತ್ತವೆ, ಯಾರ ಅಭ್ಯಂತರವೂ ಇರುವುದಿಲ್ಲ. ಗಣಿಯ ನೆಲದಲ್ಲಿ ಒಪ್ಪಿಗೆ ದೊರೆತರೆ, ಬಂಡೆಯಿಂದ ಎಬ್ಬಿಸದೆ, ಬಿಡಿಯಾಗಿ ಬಿದ್ದಿರುವುದನ್ನು ಮಾತ್ರ, ಒಂದು ಬಗೆಗೆ ಒಂದರಂತೆ, ನಿಂಬೆಹಣ್ಣಿನ ಗಾತ್ರಕ್ಕೆ ಮೀರದಂತೆ ಆರಿಸಿದರೆ ಸಾಕು. ಮುಂದೆ ಬರುವ ಮಗುವಿಗೂ ಒಂದು ಉಳಿದಿರಲಿ.

ಚಿನ್ನದ ಆಸೆಯ ಬಗ್ಗೆ ಒಂದು ಲೆಕ್ಕ. ಕೋಲಾರದ ಗಣಿಗಳು ಸುಮಾರು 120 ವರ್ಷಗಳಲ್ಲಿ 5 ಕೋಟಿ ಟನ್ನಿನಷ್ಟು ಅದಿರನ್ನು ಅರೆದು 800 ಟನ್ನಿನಷ್ಟು ಚಿನ್ನ ಕೊಟ್ಟವು. ಅಂದರೆ ಸರಾಸರಿಯಲ್ಲಿ ಟನ್ನಿಗೆ ಸುಮಾರು 16 ಗ್ರಾಂ. ಕೊನೆಯ ವರ್ಷಗಳಲ್ಲಿ ಅದು ಮೂರ್ನಾಲ್ಕು ಗ್ರಾಮಿಗೆ ಇಳಿದಿತ್ತು. ಒಂದು ಕಿಲೋ ತೂಗುವ ಅಂಥ ಕಲ್ಲಿನಲ್ಲಿ ಇರುವ ಚಿನ್ನ ಮೂರ್ನಾಲ್ಕು ಮಿಲಿಗ್ರಾಂ, ಅದೂ ಕಣ್ಣಿಗೆ ಕಾಣದ ಕಣಗಳಾಗಿ. ಕಲ್ಲಿನಲ್ಲಿ ಹಳದಿಯಾಗಿ ಥಳಥಳಿಸುವುದು ಬಹುಪಾಲು ಪೈರೈಟ್. ಹೊಳಪಿಲ್ಲದ ಪಿಂಗಾಣಿಯ ಮೇಲೆ, ಅಂದರೆ ಬಚ್ಚಲಿನ ಟೈಲ್ಸಿನ ಹಿಂಬದಿಯ ಮೇಲೆ, ಉಜ್ಜಿ ನೋಡಿರಿ. ಚಿನ್ನ ಚಿನ್ನದ ಗೆರೆಯನ್ನೇ ಎಳೆಯುತ್ತದೆ, ಪೈರೈಟ್ ಹಸಿರು ಬೆರೆತ ಕಪ್ಪು ಗೆರೆ ಎಳೆಯುತ್ತದೆ. ಸೂಜಿಯ ಮೊನೆ ಒತ್ತಿದರೆ ಚಿನ್ನ ತಗ್ಗುತ್ತದೆ, ಪೈರೈಟ್ ಜಗ್ಗುವುದಿಲ್ಲ. ಪೈರೈಟನ್ನು ತೇವದಲ್ಲಿ ಇಟ್ಟರೆ ಗಾಳಿಯೊಡನೆ ಸೇರಿ ಗಂಧಕಾಮ್ಲ ಹುಟ್ಟಿ, ಕಲ್ಲೂ ಪುಡಿಯಾಗುತ್ತದೆ, ಕೆಳಗಿನ ಕಾಗದದ ಚೀಟಿಯೂ ಸುಟ್ಟುಹೋಗುತ್ತದೆ. ಆದಕಾರಣ ಒಣಗಿದ ಡಬ್ಬಿಯಲ್ಲಿ, ಬೇರೆಯಾಗಿ ಇಡಬೇಕು.

ಚೀಟಿಯ ಮಾತು ಬಂದುದರಿಂದ ಅದನ್ನೇ ಕೊನೆಗೆ ಹೇಳುತ್ತೇನೆ, ಏಕೆಂದರೆ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಅದೇ. ನಾನು ಸೇವೆ ಸಲ್ಲಿಸಿದ ಶಾಲೆಯೊಂದರ ಪ್ರಯೋಗಾಲಯದಲ್ಲಿ ಗಾಜಿನ ಬಾಗಿಲಿನ ಕಪಾಟು ತುಂಬ ಕಲ್ಲುಗಳಿದ್ದವು. ನಾನು ಸೇರುವ ಎಷ್ಟೋ ವರ್ಷ ಮೊದಲು ಯಾರೋ ಶ್ರದ್ಧಾವಂತರು ತಂದು ಜೋಡಿಸಿದ್ದು. ಅಂಟು ಒಣಗಿ ಚೀಟಿಗಳೆಲ್ಲ ಉದುರಿ ತಳದಲ್ಲಿ ಬಿದ್ದಿದ್ದವು. ಇದು ಬೆಣಚು, ಇದು ಅದಿರು ಎಂದು ನಾವು ಹೇಳಬಹುದಾಗಿತ್ತು. ಯಾವ ಗಣಿಯದು, ಎಷ್ಟು ಆಳದ್ದು, ಯಾವ ವರ್ಷದ್ದು ಎಂದು ಹೇಳುವವರು ಯಾರೂ ಇರಲಿಲ್ಲ. ಆ ಕಪಾಟನ್ನು ಖಾಲಿ ಮಾಡಿಸಿದ ದಿನ ಕಲ್ಲುಗಳು ಶಾಲೆಯ ಗಿಡಗಳ ಪಾತಿಗೆ ಅಂಚುಗಲ್ಲಾದವು. ಅವುಗಳಲ್ಲಿ ಕೆಲವು, ಈಗ ನೀರು ತುಂಬಿರುವ, ಇನ್ನು ಯಾರೂ ಹೋಗಿ ತರಲಾಗದ ಆಳದಿಂದ ಬಂದವೂ ಆಗಿದ್ದಿರಬಹುದು.

ಇದಕ್ಕೆ ವ್ಯತಿರಿಕ್ತವಾದವರು ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಕೈಗೊಡಲಿಯನ್ನು ಗುರುತಿಸಿದ ಭೂವಿಜ್ಞಾನಿ. ನಮ್ಮ ಶಿಲೆಗಳಿಗೆ ಧಾರವಾಡದ ಹೆಸರಿಟ್ಟವರು. 1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಆರಂಭವಾದಾಗ ಅದರ ಮೊದಲ ಮುಖ್ಯಸ್ಥರು. ದಕ್ಷಿಣ ಭಾರತವನ್ನೆಲ್ಲ ಸುತ್ತಿ ಅವರು ಕೂಡಿಸಿದ ಶಿಲಾಯುಧಗಳು ಮತ್ತು ಮಡಕೆ ಚೂರುಗಳನ್ನು 1904ರಲ್ಲಿ ಮದರಾಸಿನ ವಸ್ತುಸಂಗ್ರಹಾಲಯ ಕೊಂಡಿತು. ಅವರು 1912ರಲ್ಲಿ ತೀರಿಕೊಂಡ ಮೇಲೆ, 1914 ಮತ್ತು 1916ರಲ್ಲಿ ಆ ಸಂಗ್ರಹದ ಪಟ್ಟಿ, ಟಿಪ್ಪಣಿಗಳು ಅಚ್ಚಾದವು. ಒಂದೊಂದು ವಸ್ತುವಿಗೂ ಸಂಖ್ಯೆ, ಸಿಕ್ಕಿದ ಊರು ಬರೆದಿಟ್ಟಿದ್ದರಿಂದ, ಇಂದಿಗೂ ಸಂಶೋಧಕರು ಆ ಪಟ್ಟಿ ಹಿಡಿದು ಬಳ್ಳಾರಿಯ, ರಾಯಚೂರಿನ ಬಯಲುಗಳಿಗೆ ಹೋಗಲು ಸಾಧ್ಯವಾಗಿದೆ.

ಆದ್ದರಿಂದ ಮಕ್ಕಳಿಗೆ ಸುತ್ತಿಗೆ ಕೊಡಿಸುವ ಮೊದಲು ಒಂದು ನೋಟ್ ಪುಸ್ತಕ, ಒಂದು ಭೂತಗನ್ನಡಿ ಕೊಡಿಸಿರಿ. ಕಲ್ಲಿನ ಮೂಲೆಯಲ್ಲಿ ಬಿಳಿ ಬಣ್ಣದ ಚುಕ್ಕೆ ಇಟ್ಟು, ಒಣಗಿದ ಮೇಲೆ ಕಪ್ಪು ಶಾಯಿಯಲ್ಲಿ ಸಂಖ್ಯೆ ಬರೆಯಲಿ. ಕಲ್ಲಿನ ಮೇಲೆಯೇ ಬರೆದ ಸಂಖ್ಯೆ ಉದುರುವುದಿಲ್ಲ. ಪುಸ್ತಕದಲ್ಲಿ ಅದೇ ಸಂಖ್ಯೆಯ ಎದುರಿಗೆ ಊರು, ತಾಲ್ಲೂಕು, ಎತ್ತಿಕೊಂಡ ಜಾಗದ ಗುರುತು, ತಾರೀಖು, ಒಪ್ಪಿಗೆ ಕೊಟ್ಟವರ ಹೆಸರು, ಸುತ್ತಲೂ ಕಂಡದ್ದು, ಇಷ್ಟನ್ನು ಬರೆಯಲಿ. ಕಲ್ಲಿನ ಹೆಸರು ಗೊತ್ತಿಲ್ಲದಿದ್ದರೆ ಆ ಜಾಗವನ್ನು ಖಾಲಿ ಬಿಡಲಿ, ಮುಂದೆ ಬಲ್ಲವರು ತುಂಬುತ್ತಾರೆ. ಊರಿನ ಜಾಗ ಖಾಲಿ ಬಿಟ್ಟರೆ ತುಂಬುವವರು ಇರುವುದಿಲ್ಲ. ಗಣಿಯಲ್ಲಿ ದುಡಿದ ಹಿರಿಯರು ಸಿಕ್ಕಿದರೆ ಅವರ ಪಕ್ಕ ಕುಳಿತು, ಆ ಕಲ್ಲನ್ನು ಅವರ ಕೈಗೆ ಕೊಟ್ಟು, ಅವರು ಹೇಳಿದ್ದನ್ನೂ ಅದೇ ಪುಟದಲ್ಲಿ ಬರೆದುಕೊಳ್ಳಲಿ. ಮೂರು ಕಿಲೋಮೀಟರ್ ಆಳದಲ್ಲಿ, 60 ಡಿಗ್ರಿ ದಾಟಿದ ಬಂಡೆಯ ಬಿಸಿಯ ನಡುವೆ ಕೆಲಸ ಮಾಡಿದವರು ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಬಂಡೆ ಸಿಡಿಯುವ ಮುನ್ನ ಕೇಳುವ ಸದ್ದು ಹೇಗಿರುತ್ತದೆ ಎಂಬುದನ್ನು ಅವರಿಂದಲೇ ಕೇಳಿ ತಿಳಿಯಬೇಕು.

ಹೀಗೆ ಬರೆದಿಟ್ಟ ಹತ್ತು ಕಲ್ಲುಗಳಿದ್ದರೆ ಸಾಕು, ಯಾವ ಶಾಲೆಯವರೂ ಸಂತೋಷದಿಂದ ತೆಗೆದುಕೊಳ್ಳುತ್ತಾರೆ. ನಿಮ್ಮಲ್ಲಿ ಯಾರಾದರೂ ಮಕ್ಕಳೊಡನೆ ಇಂಥ ಪುಸ್ತಕವೊಂದನ್ನು ಆರಂಭಿಸಿದರೆ ಮೊದಲ ಪುಟವನ್ನು ನನಗೆ ಕಳುಹಿಸಿರಿ. ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದುವ ಅಭ್ಯಾಸ ಇನ್ನೂ ಹೋಗಿಲ್ಲ.

ಎಲ್ಲರಿಗೂ ಶುಭವಾಗಲಿ.